ಕೋಡ್ ಫ್ರೀ, ಪೇಟೆಂಟ್ ಬೇರೆ: ಓಪನ್ ಸೋರ್ಸ್‌ನಲ್ಲಿ ಸ್ಟ್ಯಾಂಡರ್ಡ್ ಅಳವಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಕೀಲನಲ್ಲ. ವಿಡಿಯೋ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿ ಹಲವು ವರ್ಷ ಕಳೆದವನು, ಅಷ್ಟೇ. ಟೀ ಕುಡಿಯುವಾಗ, ಮೇಲ್‌ನಲ್ಲಿ, ಎಲ್ಲಾದರೂ ಮಾತಾಡಿ ವೇದಿಕೆಯಿಂದ ಕೆಳಗಿಳಿದಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ವಿಡಿಯೋ ಉದಾಹರಣೆ ಜಾಸ್ತಿ ಬರುತ್ತೆ, ಯಾಕಂದರೆ ಜಗಳ ಜಾಸ್ತಿ ಇರೋದು ಅಲ್ಲೇ.

## ಶುರುವಿನ ಪ್ರಶ್ನೆಗಳು

ಸ್ಟ್ಯಾಂಡರ್ಡ್ ಅಂದಮೇಲೆ ಎಲ್ಲರಿಗೂ ಸೇರಿದ್ದು ಅಲ್ವಾ? ಅದರೊಳಗೆ ಪೇಟೆಂಟ್ ಹೇಗೆ ಬಂತು?

ಎಲ್ಲರೂ ಪಾಲಿಸಲಿ ಎಂದು ಬರೆದ ತಾಂತ್ರಿಕ ನಿಯಮ ಅದು, ನಿಜ. ಎಲ್ಲರಿಗೂ ಸೇರಿದ್ದು ಎಂದು ಯಾರೂ ಹೇಳಿಲ್ಲ. ಸ್ಟ್ಯಾಂಡರ್ಡ್ ಬರೆಯುವ ಸಮಿತಿಯಲ್ಲಿ ಕೂರುವವರು ಹೆಚ್ಚಾಗಿ ಕಂಪನಿಗಳ ಎಂಜಿನಿಯರುಗಳು. ತಮ್ಮ ಲ್ಯಾಬಿನಲ್ಲಿ ಹುಟ್ಟಿದ ತಂತ್ರವನ್ನು ಸಮಿತಿಗೆ ತರುತ್ತಾರೆ, ತರುವ ಮೊದಲೇ ಪೇಟೆಂಟ್‌ಗೆ ಅರ್ಜಿ ಹಾಕಿರುತ್ತಾರೆ. ಆ ತಂತ್ರ ಸ್ಟ್ಯಾಂಡರ್ಡ್‌ನಲ್ಲಿ ಸೇರಿಹೋದರೆ ಮುಗಿಯಿತು, ಅದನ್ನು ಮುಟ್ಟದೆ ಸ್ಟ್ಯಾಂಡರ್ಡ್ ಪಾಲಿಸೋಕೆ ಆಗಲ್ಲ. ಇಂಥ ಪೇಟೆಂಟ್‌ಗಳಿಗೆ ಎಸ್‌ಇಪಿ ಎಂದು ಹೆಸರು. ಊರಿಗೆ ಇರುವುದು ಒಂದೇ ಸೇತುವೆ, ಅದರ ಮೇಲೆ ಟೋಲ್ ಗೇಟು.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ. "ಈ ಸ್ಟ್ಯಾಂಡರ್ಡ್‌ಗೆ ಬೇಕಾದ ಪೇಟೆಂಟ್ ನಮ್ಮ ಹತ್ತಿರ ಇದೆ" ಎಂದು ಕಂಪನಿಗಳು ತಾವೇ ಬರೆದುಕೊಡುತ್ತವೆ. ಯುರೋಪಿನ ಟೆಲಿಕಾಂ ಸ್ಟ್ಯಾಂಡರ್ಡ್ ಸಂಸ್ಥೆ ಎಟ್ಸಿ ಆಗಲಿ, ಇಂಟರ್ನೆಟ್ ಸ್ಟ್ಯಾಂಡರ್ಡ್ ಬರೆಯುವ ಐಇಟಿಎಫ್ ಆಗಲಿ ಅದು ನಿಜವಾ ಎಂದು ಪರೀಕ್ಷೆ ಮಾಡುವುದಿಲ್ಲ. ಪಟ್ಟಿಗೆ ಸೇರಿಸಿ ಸುಮ್ಮನಾಗುತ್ತವೆ.

ಕೋಡ್ ಪೂರ್ತಿ ನಾನೇ ಬರೆದಿದ್ದು, ಒಂದು ಸಾಲೂ ಕದ್ದಿಲ್ಲ. ಆದರೂ ತಪ್ಪಾ?

ಹೌದು, ಆಗಬಹುದು. ನೀವು ನಕಲು ಮಾಡಿದಿರಾ ಎಂದು ಕೇಳುವುದು ಕಾಪಿರೈಟ್. ಪೇಟೆಂಟ್ ಅದನ್ನು ಕೇಳುವುದೇ ಇಲ್ಲ. ಆ ಕೆಲಸವನ್ನು ಆ ವಿಧಾನದಲ್ಲಿ ಮಾಡಿದಿರಾ ಎಂದಷ್ಟೇ ಕೇಳುತ್ತದೆ. ಬಾಗಿಲು ಹಾಕಿಕೊಂಡು ಕೂತು, ಸ್ಪೆಸಿಫಿಕೇಶನ್ ಬಿಟ್ಟು ಬೇರೇನೂ ನೋಡದೆ ಬರೆದರೂ ಉತ್ತರ ಬದಲಾಗಲ್ಲ.

ಜಿಫ್ ಚಿತ್ರಗಳ ಕಥೆ ಇದಕ್ಕೆ ಹಳೆಯ ಸಾಕ್ಷಿ. ಕಂಪ್ಯೂಸರ್ವ್ ಎಂಬ ಕಂಪನಿ 1987ರಲ್ಲಿ ಜಿಫ್ ಬಿಡುಗಡೆ ಮಾಡಿತು, ಯಾರು ಬೇಕಾದರೂ ಬಳಸಿ ಎಂದಿತು, ಜಗತ್ತೇ ಬಳಸಿತು. ಒಳಗೆ ಚಿತ್ರವನ್ನು ಕುಗ್ಗಿಸಲು ಬಳಸಿದ್ದು ಎಲ್‌ಝಡ್‌ಡಬ್ಲ್ಯೂ ಎಂಬ ವಿಧಾನ, ಅದರ ಪೇಟೆಂಟ್ ಯುನಿಸಿಸ್ ಎಂಬ ಇನ್ನೊಂದು ಕಂಪನಿಯ ಕೈಯಲ್ಲಿತ್ತು. 1994ರ ಡಿಸೆಂಬರ್‌ನಲ್ಲಿ, ಅಂದರೆ ಏಳು ವರ್ಷ ಆದಮೇಲೆ, ಇನ್ನು ಮುಂದೆ ಲೈಸೆನ್ಸ್ ಬೇಕು ಎಂಬ ಪ್ರಕಟಣೆ ಬಂತು. ಸಿಟ್ಟಿಗೆದ್ದ ಪ್ರೋಗ್ರಾಮರುಗಳು 1995ರ ಜನವರಿಯಲ್ಲೇ ಬದಲಿ ಫಾರ್ಮ್ಯಾಟ್‌ನ ಚರ್ಚೆ ಶುರು ಮಾಡಿದರು. ಅದೇ ಇವತ್ತಿನ ಪಿಎನ್‌ಜಿ. ಅಮೆರಿಕದಲ್ಲಿ ಆ ಪೇಟೆಂಟ್ ಮುಗಿದದ್ದು 2003ರ ಜೂನ್‌ನಲ್ಲಿ.

ಫೆಡೋರಾ ಹಾಕಿದೆ, ವಿಡಿಯೋನೇ ಓಡ್ತಿಲ್ಲ. ಇದೂ ಪೇಟೆಂಟ್ ಕಥೇನಾ?

ಬಹುಪಾಲು ಅದೇ. ಫೆಡೋರಾ ಎಂಬ ಈ ಲಿನಕ್ಸ್ ಹಿಂದೆ ಇರುವುದು ರೆಡ್ ಹ್ಯಾಟ್, ಅದು ಅಮೆರಿಕದ ಕಂಪನಿ, ದುಡ್ಡಿದೆ, ಕೇಸ್ ಹಾಕುವವರಿಗೆ ವಿಳಾಸವೂ ಇದೆ. ಹಾಗಾಗಿ ರೆಡ್ ಹ್ಯಾಟ್ ಲಿನಕ್ಸ್ 8.0 ಕಾಲದಲ್ಲೇ, 2002ರಲ್ಲಿ, ಎಂಪಿ3 ತೆಗೆದುಹಾಕಿದ್ದರು. 2022ರಲ್ಲಿ ಇನ್ನೊಂದು ಹೆಜ್ಜೆ ಹೋಗಿ, ಮೆಸಾ ಎಂಬ ಗ್ರಾಫಿಕ್ಸ್ ಡ್ರೈವರ್‌ಗಳಲ್ಲಿ ಎಚ್.264, ಎಚ್.265 (ವಿಡಿಯೋ ಕುಗ್ಗಿಸುವ ಸ್ಟ್ಯಾಂಡರ್ಡ್‌ಗಳು) ವಿಡಿಯೋವನ್ನು ಗ್ರಾಫಿಕ್ಸ್ ಕಾರ್ಡ್ ಮೂಲಕ ಓಡಿಸುವ ಸೌಲಭ್ಯವನ್ನೂ ಮುಚ್ಚಿದರು. "ಕಾರ್ಡ್‌ನಲ್ಲೇ ಡಿಕೋಡರ್ ಇದೆಯಲ್ಲ, ಅದಕ್ಕೆ ದುಡ್ಡು ಕೊಟ್ಟಿದ್ದೀನಲ್ಲ" ಎಂದು ಜನ ರೇಗಿದರು. ಆದರೆ ಚಿಪ್ ಮಾರಿದವನು ಪೇಟೆಂಟ್ ದುಡ್ಡು ಕಟ್ಟಿಯೇ ಇರುತ್ತಾನೆ ಎಂದೇನಿಲ್ಲ. ಹಲವು ಮಾಲೀಕರ ಪೇಟೆಂಟ್‌ಗಳನ್ನು ಒಟ್ಟುಗೂಡಿಸಿ ಲೈಸೆನ್ಸ್ ಮಾರುವ ಕೂಟಕ್ಕೆ ಪೂಲ್ ಎನ್ನುತ್ತಾರೆ. ಇಂಥ ಪೂಲ್‌ಗಳು ಸಾಮಾನ್ಯವಾಗಿ ಕೈ ಚಾಚುವುದು ಗ್ರಾಹಕನಿಗೆ ಕೊನೆಯ ವಸ್ತು ಕೊಡುವವನ ಮುಂದೆ.

ಈಗ ಜನ ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರ ಸೇರಿಸಿಕೊಂಡು ಕೆಲಸ ಸಾಗಿಸುತ್ತಾರೆ. ಉಬುಂಟು ಹಾಕುವಾಗ ಹೊರಗಿನವರ ಸಾಫ್ಟ್‌ವೇರ್ ಬೇಕಾ ಎಂದು ಒಂದು ಟಿಕ್ ಕೇಳುತ್ತದಲ್ಲ, ಅದರ ಹಿಂದಿನ ಯೋಚನೆಯೂ ಇದೇ. ಆಯ್ಕೆ ಬಳಕೆದಾರನದ್ದು ಎಂದು ತೋರಿಸುವುದು.

ವಿಎಲ್‌ಸಿ ಪ್ಲೇಯರ್ ಮಾತ್ರ ಎಲ್ಲವನ್ನೂ ಓಡಿಸುತ್ತದಲ್ಲ ಎಂದು ಕೇಳಬೇಡಿ, ಅದರ ಸಂಸ್ಥೆ ಫ್ರಾನ್ಸ್‌ನಲ್ಲಿದೆ. ಯುರೋಪಿನ ಪೇಟೆಂಟ್ ಒಪ್ಪಂದ ಬರೀ ಸಾಫ್ಟ್‌ವೇರ್‌ಗೆ ಪೇಟೆಂಟ್ ಕೊಡಲ್ಲ ಎನ್ನುತ್ತದೆ. ಅದನ್ನು ಸಡಿಲ ಮಾಡುವ ಪ್ರಸ್ತಾಪವನ್ನು ಯುರೋಪಿಯನ್ ಪಾರ್ಲಿಮೆಂಟು 2005ರ ಜುಲೈನಲ್ಲಿ 648-14 ಮತಗಳಿಂದ ತಳ್ಳಿಹಾಕಿತು.

ಎಂಪಿ3 ಈಗ ಫ್ರೀನಾ?

ಹೌದು. ಲೈಸೆನ್ಸ್ ಕೊಡುವ ಕಾರ್ಯಕ್ರಮ 2017ರ ಏಪ್ರಿಲ್‌ನಲ್ಲಿ ನಿಂತಿತು. ಆಮೇಲೆ ಫೆಡೋರಾ ಕೂಡ ಎಂಪಿ3 ಎನ್‌ಕೋಡರ್, ಅಂದರೆ ಧ್ವನಿಯನ್ನು ಎಂಪಿ3 ಮಾಡುವ ಪ್ರೋಗ್ರಾಂ, ಸೇರಿಸಿತು. ಅಲ್ಲಿಯವರೆಗೆ ಲೇಮ್ ಎಂಬ ಎನ್‌ಕೋಡರ್‌ನ ತಂಡ ವರ್ಷಗಟ್ಟಲೆ ಬರೀ ಸೋರ್ಸ್ ಕೋಡ್ ಹಂಚಿತು, ಬೈನರಿ (ಹಾಗೇ ಓಡಿಸಬಹುದಾದ ಪ್ರೋಗ್ರಾಂ) ಕೊಡಲೇ ಇಲ್ಲ. ಹೆಸರೇ ನೋಡಿ, ಪೂರ್ತಿ ಬಿಡಿಸಿದರೆ "ಲೇಮ್ ಎಂಪಿ3 ಎನ್‌ಕೋಡರ್ ಅಲ್ಲ" ಎಂದಾಗುತ್ತದೆ.

ಭಾರತದಲ್ಲಿ ಸಾಫ್ಟ್‌ವೇರ್ ಪೇಟೆಂಟೇ ಇಲ್ಲ ಅಂತಾರೆ, ನಮಗ್ಯಾಕೆ ಈ ತಲೆನೋವು?

ಅರ್ಧ ಸತ್ಯ. 1970ರ ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಗಣಿತದ ವಿಧಾನ, ವ್ಯಾಪಾರದ ವಿಧಾನ, ಆಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಂ ಇವಕ್ಕೆ ಪೇಟೆಂಟ್ ಇಲ್ಲ ಎನ್ನುತ್ತದೆ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆ ತಂದು ಇದನ್ನು ಸಡಿಲ ಮಾಡಲು ಹೋದರು, 2005ರಲ್ಲಿ ಸಂಸತ್ತಿನಲ್ಲಿ ಆ ಭಾಗ ಬಿದ್ದುಹೋಯಿತು. ಇಲ್ಲಿಗೆ ಖುಷಿಯ ಸುದ್ದಿ ಮುಗಿಯಿತು.

ಇಡೀ ಜಗಳ ಇರುವುದು "ಬರೀ" ಎಂಬ ಪದದಲ್ಲಿ. ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2019ರ ಡಿಸೆಂಬರ್‌ನಲ್ಲಿ, ಪ್ರೋಗ್ರಾಂನಿಂದ ತಾಂತ್ರಿಕ ಪರಿಣಾಮ ಆಗುತ್ತಿದ್ದರೆ ಅದನ್ನು ಬರೀ ಪ್ರೋಗ್ರಾಂ ಎಂದು ತಳ್ಳಿಹಾಕುವಂತಿಲ್ಲ ಎಂದಿತು. ಎಸ್‌ಇಪಿ ಕೇಸುಗಳಂತೂ ದೆಹಲಿಯಲ್ಲಿ ಸಾಲಾಗಿ ನಡೆದಿವೆ. ಡಿವಿಡಿ ಪ್ಲೇಯರ್ ತಯಾರಕರ ವಿರುದ್ಧ ಫಿಲಿಪ್ಸ್ 2018ರಲ್ಲಿ ಗೆದ್ದಿತು. ಲಾವಾ ಮೊಬೈಲ್ ಕಂಪನಿ ಎರಿಕ್ಸನ್‌ಗೆ ಸುಮಾರು 244 ಕೋಟಿ ರೂಪಾಯಿ ಕೊಡಬೇಕು ಎಂದು 2024ರ ಮಾರ್ಚ್‌ನಲ್ಲಿ ತೀರ್ಪು ಬಂತು. ಅಲ್ಲಿ ಧ್ವನಿ ಕುಗ್ಗಿಸುವ ಪೇಟೆಂಟ್‌ಗಳು ಬರೀ ಆಲ್ಗಾರಿದಮ್ ಎಂಬ ವಾದವೂ ಬಂದಿತ್ತು, ನಿಲ್ಲಲಿಲ್ಲ.

ಮತ್ತೆ, ಬೆಂಗಳೂರಲ್ಲಿ ಕೂತು ಬರೆದ ಕೋಡ್ ಬೆಂಗಳೂರಲ್ಲೇ ಉಳಿಯುತ್ತಾ? ಪೇಟೆಂಟ್ ದೇಶ ದೇಶಕ್ಕೆ ಬೇರೆ. ನೀವು ಮಾಡಿದ ಡಬ್ಬ ಹ್ಯಾಂಬರ್ಗ್ ಬಂದರಿಗೆ ಇಳಿದರೆ ಜರ್ಮನಿಯ ಕಾನೂನು, ಟೆಕ್ಸಾಸ್‌ನಲ್ಲಿ ಮಾರಾಟವಾದರೆ ಅಮೆರಿಕದ ಕಾನೂನು.

## ಲೈಸೆನ್ಸ್ ಗೋಜಲು

ಎಂಐಟಿ, ಅಪಾಚೆ, ಜಿಪಿಎಲ್ ಇವುಗಳಲ್ಲಿ ಪೇಟೆಂಟ್ ವಿಷಯಕ್ಕೆ ಯಾವುದು ಗಟ್ಟಿ?

ಇವೆಲ್ಲ ಓಪನ್ ಸೋರ್ಸ್ ಕೋಡ್‌ಗೆ ಹಚ್ಚುವ ಲೈಸೆನ್ಸ್‌ಗಳು. ಎಂಐಟಿ ಮತ್ತು ಬಿಎಸ್‌ಡಿ ಪೇಟೆಂಟ್ ಎಂಬ ಪದವನ್ನೇ ಎತ್ತುವುದಿಲ್ಲ. 2004ರ ಅಪಾಚೆ 2.0 ಎತ್ತುತ್ತದೆ: ಕೋಡ್ ಕೊಟ್ಟವರು ಆ ಕೋಡ್‌ಗೆ ತಗಲುವ ತಮ್ಮ ಪೇಟೆಂಟ್‌ಗಳಿಗೂ ಅನುಮತಿ ಕೊಟ್ಟ ಹಾಗೆ, ಆದರೆ ಅದೇ ಸಾಫ್ಟ್‌ವೇರ್ ಪೇಟೆಂಟ್ ಮುರಿದಿದೆ ಎಂದು ನೀವು ಕೇಸ್ ಹಾಕಿದರೆ ಆ ಪೇಟೆಂಟ್ ಅನುಮತಿ ರದ್ದು. 2007ರ ಜಿಪಿಎಲ್ 3 ಕೂಡ ಇದೇ ದಾರಿ, ಇನ್ನೂ ಬಿಗಿ. ಕಾಪಿರೈಟ್ ಪೂರ್ತಿ ಬಿಟ್ಟುಕೊಡುವ ಸಿಸಿ0 ಅಂತೂ ಪೇಟೆಂಟ್ ಹಕ್ಕು ಬಿಟ್ಟುಕೊಡುತ್ತಿಲ್ಲ ಎಂದು ಬಾಯಿಬಿಟ್ಟೇ ಹೇಳುತ್ತದೆ. ಅದಕ್ಕೇ ಫೆಡೋರಾ 2022ರಲ್ಲಿ ಕೋಡ್‌ಗೆ ಅದು ಬೇಡ ಎಂದಿತು.

ಫೇಸ್‌ಬುಕ್ ವೆಬ್ ಪುಟ ಕಟ್ಟುವ ತನ್ನ ರಿಯಾಕ್ಟ್ ಲೈಬ್ರರಿಗೆ ಬಿಎಸ್‌ಡಿ ಜೊತೆ ತನ್ನದೇ ಒಂದು ಪೇಟೆಂಟ್ ಷರತ್ತು ಅಂಟಿಸಿತ್ತು. ಅಪಾಚೆ ಫೌಂಡೇಶನ್ 2017ರ ಜುಲೈನಲ್ಲಿ ನಮ್ಮ ಪ್ರಾಜೆಕ್ಟ್‌ಗಳಲ್ಲಿ ಇದು ಬೇಡ ಎಂದಿತು. ಗಲಾಟೆಯಾಗಿ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಎಂಐಟಿಗೆ ಬಂತು.

ಆದರೆ ಇಷ್ಟೆಲ್ಲ ಚರ್ಚೆ ಮಾಡುವವರು ಮರೆಯುವುದು ಒಂದಿದೆ, ನಾನು ಇದನ್ನು ಹೇಳಿ ಹೇಳಿ ಸುಸ್ತಾಗಿದ್ದೇನೆ. ಯಾವ ಲೈಸೆನ್ಸ್ ಆದರೂ ಕೋಡ್ ಕೊಟ್ಟವರ ಪೇಟೆಂಟ್‌ಗೆ ಮಾತ್ರ ಅನುಮತಿ ಕೊಡಬಲ್ಲದು. ನಿಮ್ಮ ಪ್ರಾಜೆಕ್ಟಿನ ಹೊಸ್ತಿಲನ್ನೇ ತುಳಿಯದ ಮೂರನೆಯವನ ಪೇಟೆಂಟ್‌ಗೆ ಅಪಾಚೆಯೂ ಅನುಮತಿ ಕೊಡಿಸಲಾರದು, ಜಿಪಿಎಲ್ ಕೂಡ ಕೊಡಿಸಲಾರದು. ಸ್ಟ್ಯಾಂಡರ್ಡ್‌ಗಳ ವಿಷಯದಲ್ಲಿ ಬಾಗಿಲು ಬಡಿಯುವವನು ಹೆಚ್ಚಾಗಿ ಆ ಮೂರನೆಯವನೇ.

ಫ್ರ್ಯಾಂಡ್ ಅಂದರೆ ನ್ಯಾಯವಾದ ಬೆಲೆ ತಾನೇ? ಕೊಟ್ಟು ಕೈ ತೊಳೆದುಕೊಳ್ಳಬಾರದಾ?

ನ್ಯಾಯವಾಗಿ, ಮಿತವಾಗಿ, ತಾರತಮ್ಯ ಇಲ್ಲದೆ ಎಂಬುದು ಅದರ ಅರ್ಥ. ಸ್ಟ್ಯಾಂಡರ್ಡ್‌ಗೆ ಪೇಟೆಂಟ್ ತರುವ ಕಂಪನಿ ಹೀಗೆ ಲೈಸೆನ್ಸ್ ಕೊಡುತ್ತೇನೆ ಎಂದು ಮಾತು ಕೊಡುತ್ತದೆ. ಕೇಳೋಕೆ ಚೆನ್ನಾಗಿದೆ. ಬೆಲೆ ಜಾಸ್ತಿ ಎಂಬುದು ಓಪನ್ ಸೋರ್ಸ್‌ನವರ ಮುಖ್ಯ ದೂರು ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕಾರ ಬೆಲೆಗಿಂತ ದೊಡ್ಡ ತೊಡಕು ಎಣಿಕೆ.

ಎಚ್.264 ಪೂಲ್ ಪ್ರಕಟಿಸಿದ ದರ ನೋಡಿ. ವರ್ಷಕ್ಕೆ ಮೊದಲ 1 ಲಕ್ಷ ಪ್ರತಿಗೆ ಏನೂ ಇಲ್ಲ. ಅಲ್ಲಿಂದ 50 ಲಕ್ಷದವರೆಗೆ ಪ್ರತಿಯೊಂದಕ್ಕೆ 20 ಸೆಂಟ್, ಅದರಾಚೆ 10 ಸೆಂಟ್. ಒಂದು ಕಂಪನಿ ವರ್ಷಕ್ಕೆ ಕೊಡಬೇಕಾದ ಒಟ್ಟು ಹಣಕ್ಕೆ ಮೇಲ್ಮಿತಿಯೂ ಉಂಟು. ಟಿವಿ ಮಾರುವವನಿಗೆ ಇದು ಲೆಕ್ಕವೇ ಅಲ್ಲ, ಅವನ ಗೋಡೌನಿನಲ್ಲಿ ಎಷ್ಟು ಟಿವಿ ಹೊರಬಿದ್ದವು ಎಂದು ಅವನಿಗೆ ಗೊತ್ತು.

ಈಗ ಒಂದು ಲಿನಕ್ಸ್ ಡಿಸ್ಟ್ರೋವನ್ನು ಹಾಕಿಕೊಳ್ಳಲು ಇಳಿಸುವ ಐಎಸ್‌ಓ ಫೈಲ್ ತಗೊಳ್ಳಿ. ಜಗತ್ತಿನಾದ್ಯಂತ ಮಿರರ್‌ಗಳಿವೆ, ಅಂದರೆ ಅದೇ ಫೈಲಿನ ಪ್ರತಿ ಇಟ್ಟುಕೊಂಡ ಸರ್ವರ್‌ಗಳು, ಯಾರದ್ದೋ ಕಾಲೇಜಿನ ಸರ್ವರ್ ಒಂದು ಮಿರರ್. ಅಲ್ಲಿಂದ ಒಬ್ಬ ಹುಡುಗ ಇಳಿಸಿಕೊಳ್ಳುತ್ತಾನೆ, ಪೆನ್‌ಡ್ರೈವ್‌ಗೆ ಹಾಕಿ ಹಾಸ್ಟೆಲ್‌ನಲ್ಲಿ ಹದಿನೈದು ಜನಕ್ಕೆ ಕೊಡುತ್ತಾನೆ, ಅವರಲ್ಲೊಬ್ಬ ಊರಿನ ಶಾಲೆಯ ಲ್ಯಾಬ್‌ಗೆ ಹಾಕಿಕೊಡುತ್ತಾನೆ. ಎಷ್ಟಾಯಿತು ಪ್ರತಿ? ಯಾರು ಎಣಿಸಿದರು? ಲೈಸೆನ್ಸ್ ಪತ್ರಕ್ಕೆ ಸಹಿ ಹಾಕಬೇಕಾದವರು ಯಾರು, ಹಾಸ್ಟೆಲ್ ಹುಡುಗನಾ? ಹೀಗೆ ಹಂಚಿ ಎಂದೇ ಬರೆದಿರುವ ಸಾಫ್ಟ್‌ವೇರ್ ಅದು. ಪ್ರತಿಗೆ ಅರ್ಧ ಪೈಸೆ ಎಂದರೂ ಕಥೆ ಇದೇ.

ಜಿಪಿಎಲ್ 2ರ ಏಳನೇ ಕಲಂ ಇದನ್ನು ಇನ್ನೂ ಖಡಾಖಂಡಿತ ಮಾಡುತ್ತದೆ. ನಿಮ್ಮಿಂದ ಪ್ರತಿ ಪಡೆದವರೆಲ್ಲ, ಅವರಿಂದ ಪಡೆದವರೂ, ರಾಯಲ್ಟಿ ಇಲ್ಲದೆ ಹಂಚಲು ಆಗದಂಥ ಪೇಟೆಂಟ್ ಲೈಸೆನ್ಸ್ ನಿಮ್ಮ ಮೇಲಿದ್ದರೆ, ನೀವು ಹಂಚಲೇಬಾರದು. ನಿಮ್ಮೊಬ್ಬರಿಗೆ ಬಿಡುಗಡೆ ಕೊಂಡುಕೊಂಡು ಉಳಿದವರನ್ನು ನಡುನೀರಿನಲ್ಲಿ ಬಿಡೋ ಹಾಗಿಲ್ಲ.

ಸಿಸ್ಕೋ ಎಚ್.264 ಕೋಡನ್ನೇ ಓಪನ್ ಸೋರ್ಸ್ ಮಾಡಿದೆಯಲ್ಲ, ಸಮಸ್ಯೆ ಮುಗೀತಲ್ವಾ?

ಮುಗಿದಿಲ್ಲ, ಆದರೆ ಉಪಾಯ ಜಾಣತನದ್ದು. 2013ರ ಅಕ್ಟೋಬರ್‌ನಲ್ಲಿ ಸಿಸ್ಕೋ ಓಪನ್‌ಎಚ್264 ಪ್ರಕಟಿಸಿತು. ಸೋರ್ಸ್ ಬಿಎಸ್‌ಡಿ ಲೈಸೆನ್ಸ್‌ನಲ್ಲಿ. ಜೊತೆಗೆ ತಾನೇ ಕಟ್ಟಿದ ಬೈನರಿಯನ್ನು ತನ್ನ ಸರ್ವರ್‌ನಿಂದ ಕೊಡುತ್ತದೆ, ಆ ಬೈನರಿಯ ಪೇಟೆಂಟ್ ದುಡ್ಡನ್ನು ತಾನೇ ಕಟ್ಟುತ್ತದೆ. ಆಗಲೇ ಹೇಳಿದ ಮೇಲ್ಮಿತಿ ಇದೆಯಲ್ಲ, ಅದನ್ನು ಮುಟ್ಟಿದ ಮೇಲೆ ಎಷ್ಟು ಪ್ರತಿ ಹೋದರೂ ಖರ್ಚು ಏರಲ್ಲ.

ಪೇಚು ಎಲ್ಲಿ ಅಂದರೆ, ಅದೇ ಸೋರ್ಸ್ ಇಳಿಸಿ ನೀವು ಕಂಪೈಲ್ ಮಾಡಿದರೆ, ಒಂದು ಬೈಟ್ ವ್ಯತ್ಯಾಸ ಇಲ್ಲದಿದ್ದರೂ, ಆ ಬೈನರಿಗೆ ಸಿಸ್ಕೋ ರಕ್ಷಣೆ ಇಲ್ಲ. ಹಾಗಾಗಿ ಫೈರ್‌ಫಾಕ್ಸ್ ತನ್ನ ಜೊತೆ ಅದನ್ನು ತರುವುದಿಲ್ಲ, ಹಾಕಿದ ಮೇಲೆ ಸಿಸ್ಕೋ ಕಡೆಯಿಂದ ಇಳಿಸಿಕೊಳ್ಳುತ್ತದೆ. ಫೆಡೋರಾದ ಏರ್ಪಾಡಂತೂ ನೋಡಲು ತಮಾಷೆ. ಪ್ಯಾಕೇಜನ್ನು ಫೆಡೋರಾದವರೇ ತಮ್ಮ ಯಂತ್ರದಲ್ಲಿ ಕಟ್ಟುತ್ತಾರೆ, ಸಹಿ ಹಾಕುತ್ತಾರೆ, ಸಿಸ್ಕೋಗೆ ಕಳಿಸುತ್ತಾರೆ, ಸಿಸ್ಕೋ ಅದನ್ನು ತನ್ನ ಸರ್ವರ್‌ನಲ್ಲಿ ಇಡುತ್ತದೆ, ನಿಮ್ಮ ಕಂಪ್ಯೂಟರ್ ಅಲ್ಲಿಂದ ಇಳಿಸಿಕೊಳ್ಳುತ್ತದೆ. ಫೈಲ್ ಅದೇ, ಸುತ್ತಿ ಬರುವ ದಾರಿ ಬೇರೆ.

ಬಳಕೆದಾರನಿಗೆ ಅನುಕೂಲವೇ. ಆದರೆ ತಿದ್ದಿ, ಕಂಪೈಲ್ ಮಾಡಿ, ಹಂಚುವ ಸ್ವಾತಂತ್ರ್ಯಕ್ಕೆ ಹೆಸರು ಓಪನ್ ಸೋರ್ಸ್ ಅಲ್ವಾ? ಇಲ್ಲಿ ತಿದ್ದಿದ ಕ್ಷಣ ಕೊಡೆ ಮುಚ್ಚಿಕೊಳ್ಳುತ್ತದೆ.

ನಮ್ಮ ಪ್ರಾಡಕ್ಟ್‌ನಲ್ಲಿ ಎಫ್‌ಎಫ್‌ಎಂಪೆಗ್ ಇದೆ. ಮೊದಲು ಏನು ನೋಡಬೇಕು?

ಎಫ್‌ಎಫ್‌ಎಂಪೆಗ್ ಅಂದರೆ ವಿಡಿಯೋ, ಆಡಿಯೋ ಓದಿ ಬರೆಯುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಮೊದಲು ಅದಕ್ಕೆ ಹೈಫನ್ ಹಾಕಿ ದೊಡ್ಡಕ್ಷರದ ಎಲ್ ಕೊಟ್ಟು ಓಡಿಸಿ. ನಿಮ್ಮ ಕೈಯಲ್ಲಿರುವ ಬೈನರಿ ಯಾವ ಲೈಸೆನ್ಸ್‌ಗೆ ಬಿದ್ದಿದೆ ಎಂದು ಅದೇ ಹೇಳುತ್ತದೆ.

ನಾನು ಇದನ್ನು ಕಲಿತದ್ದು ಕಷ್ಟಪಟ್ಟು. ಕೆಲವು ವರ್ಷದ ಹಿಂದೆ ಒಂದು ಸಣ್ಣ ಕಂಪನಿಗೆ ಕ್ಯಾಮೆರಾ ರೆಕಾರ್ಡರ್ ಡಬ್ಬದ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆ. ವಿದೇಶದ ಗಿರಾಕಿಯೊಬ್ಬರು ಒಳಗಿರುವ ಓಪನ್ ಸೋರ್ಸ್ ಪಟ್ಟಿ ಕೇಳಿದರು. ಶುಕ್ರವಾರ ಸಂಜೆ, ಮನೆಗೆ ಹೊರಡುವ ಹೊತ್ತು, ಆ ಕಮಾಂಡ್ ಕೊಟ್ಟೆ. ಈ ಪ್ರತಿಯಲ್ಲಿ ನಾನ್‌ಫ್ರೀ ಭಾಗ ಇದೆ, ಕಾನೂನು ಪ್ರಕಾರ ಇದನ್ನು ಹಂಚುವ ಹಾಗಿಲ್ಲ ಎಂದು ಪರದೆ ಮೇಲೆ ಬಂತು. ಆಗಲೇ ಮೂರು ತಿಂಗಳಿಂದ ಡಬ್ಬ ಸಾಗಿಸುತ್ತಿದ್ದೆವು!

ಆಗಿದ್ದು ಇಷ್ಟು. ಎಫ್‌ಎಫ್‌ಎಂಪೆಗ್ ಸುಮ್ನೆ ಕಟ್ಟಿದರೆ ಎಲ್‌ಜಿಪಿಎಲ್, ಜಿಪಿಎಲ್‌ನ ಸಡಿಲ ರೂಪ. ಎಕ್ಸ್264 ಎಂಬ ಎಚ್.264 ಎನ್‌ಕೋಡರ್ ಬೇಕೆಂದು ಜಿಪಿಎಲ್ ಸ್ವಿಚ್ ಹಾಕಿದರೆ ಇಡೀ ಬೈನರಿ ಜಿಪಿಎಲ್ ಆಗುತ್ತದೆ. ಅದರ ಮೇಲೆ ಒಳ್ಳೆಯ ಆಡಿಯೋ ಬೇಕೆಂದು ಯಾರೋ ಫ್ರೌನ್‌ಹೋಫರ್ ಸಂಸ್ಥೆಯ ಎಫ್‌ಡಿಕೆ ಎಎಸಿ ಎಂಬ ಆಡಿಯೋ ಎನ್‌ಕೋಡರ್ ಸೇರಿಸಿದ್ದರು. ಅದರ ಲೈಸೆನ್ಸ್ ಪೇಟೆಂಟ್ ಅನುಮತಿ ಕೊಡಲ್ಲ ಎಂದು ನೇರವಾಗಿ ಹೇಳುತ್ತದೆ, ಜಿಪಿಎಲ್ ಜೊತೆ ಹೊಂದುವುದೂ ಇಲ್ಲ. ಎರಡೂ ಒಂದೇ ಬೈನರಿಯಲ್ಲಿ ಸೇರಬೇಕೆಂದರೆ ನಾನ್‌ಫ್ರೀ ಸ್ವಿಚ್ ಹಾಕಲೇಬೇಕು, ಯಾರೋ ಹಾಕಿದ್ದರು. ಯಾರೋ ಅಂದರೆ ನಾನೇ, ಇಂಟರ್ನೆಟ್ಟಿನಲ್ಲಿ ಸಿಕ್ಕ ಒಂದು ಸ್ಕ್ರಿಪ್ಟ್ ಕಾಪಿ ಮಾಡಿದ್ದೆ.

ಎಫ್‌ಡಿಕೆ ಕಿತ್ತು ಎಫ್‌ಎಫ್‌ಎಂಪೆಗ್‌ನದೇ ಎಎಸಿ ಎನ್‌ಕೋಡರ್ ಹಾಕಿದೆವು. ಎಕ್ಸ್264 ಬದಲು ಚಿಪ್‌ನ ಎನ್‌ಕೋಡರ್ ಬಳಸಿದೆವು. ಕೋಡ್‌ನ ಲೈಸೆನ್ಸ್ ಸರಿಹೋಯಿತು. ಪೇಟೆಂಟ್ ಲೆಕ್ಕ ಬೇರೆಯದು, ಅದು ಹಾಗೇ ಉಳಿದಿತ್ತು, ಅದಕ್ಕೆ ಪೂಲ್ ಜೊತೆ ಪ್ರತ್ಯೇಕ ಪತ್ರ ಮಾಡಿಕೊಳ್ಳಬೇಕಾಯಿತು. ಎಕ್ಸ್264ನ ಕಮರ್ಷಿಯಲ್ ಲೈಸೆನ್ಸ್ ಕೊಂಡರೂ ಅಷ್ಟೇ. ನೀವು ಕೊಂಡದ್ದು ಜಿಪಿಎಲ್‌ನಿಂದ ಬಿಡುಗಡೆ, ಪೇಟೆಂಟ್‌ನಿಂದ ಅಲ್ಲ.

## ಆಳಕ್ಕೆ ಇಳಿದವರ ಪ್ರಶ್ನೆಗಳು

ಎಚ್.265 ಅಂದರೆ ಎಲ್ಲರೂ ಮೂಗು ಮುರಿಯೋದು ಯಾಕೆ?

ತಂತ್ರಜ್ಞಾನದಲ್ಲಿ ಕೊರತೆ ಇಲ್ಲ. 2013ರಲ್ಲಿ ಬಂದಾಗ ಅದೇ ಗುಣಮಟ್ಟಕ್ಕೆ ಎಚ್.264ರ ಅರ್ಧದಷ್ಟು ಡೇಟಾ ಸಾಕು ಎಂಬ ಗುರಿ ಇಟ್ಟುಕೊಂಡಿತ್ತು. ಕೆಟ್ಟದ್ದು ಲೈಸೆನ್ಸ್. ಎಚ್.264ಗೆ ದುಡ್ಡು ಕಟ್ಟಲು ಬಹುಮಟ್ಟಿಗೆ ಒಂದು ಕಿಟಕಿ, ಅಂದರೆ ಒಂದು ಪೂಲ್ ಇತ್ತು. ಇದಕ್ಕೆ ಮೊದಲು ಎಂಪೆಗ್ ಎಲ್‌ಎ, 2015ರಲ್ಲಿ ಎಚ್‌ಇವಿಸಿ ಅಡ್ವಾನ್ಸ್, 2017ರಲ್ಲಿ ವೆಲೋಸ್ ಮೀಡಿಯಾ ಎಂದು ಮೂರು ಕಿಟಕಿ ತೆರೆದವು, ಯಾವುದಕ್ಕೂ ಸೇರದ ಪೇಟೆಂಟ್ ಮಾಲೀಕರು ಬೇರೆ. ಮೂರಕ್ಕೂ ಕೊಟ್ಟರೂ ಎಲ್ಲ ಕೊಟ್ಟು ಮುಗಿಯಿತು ಎಂದು ಯಾರೂ ಬರೆದುಕೊಡುತ್ತಿರಲಿಲ್ಲ. ವಿಂಡೋಸ್‌ನಲ್ಲಿ ಇದಕ್ಕೆಂದೇ ಮೈಕ್ರೋಸಾಫ್ಟ್ 99 ಸೆಂಟ್‌ಗೆ ಬೇರೆ ಎಕ್ಸ್‌ಟೆನ್ಷನ್ ಮಾರುವುದನ್ನು ನೋಡಿರುತ್ತೀರಿ.

ಹಾಗಾದರೆ ಎವಿ1 ನಿಜವಾಗಿಯೂ ಫ್ರೀನಾ?

ಎವಿ1 ಅಂದರೆ ರಾಯಲ್ಟಿ ಬೇಡ ಎಂದೇ ಮಾಡಿದ ವಿಡಿಯೋ ಫಾರ್ಮ್ಯಾಟ್. ಮಾಡಿದವರ ಮಟ್ಟಿಗೆ ಹೌದು, ಫ್ರೀ. ಅದನ್ನು ಮಾಡಿದ ಕಂಪನಿಗಳ ಕೂಟ ಅಲಯನ್ಸ್ ಫಾರ್ ಓಪನ್ ಮೀಡಿಯಾ 2015ರಲ್ಲಿ ಹುಟ್ಟಿತು, ಎವಿ1 2018ರ ಮಾರ್ಚ್‌ನಲ್ಲಿ ಬಂತು. ಸದಸ್ಯರೆಲ್ಲ ತಮ್ಮ ಪೇಟೆಂಟ್‌ಗಳಿಗೆ ರಾಯಲ್ಟಿ ಇಲ್ಲದ ಅನುಮತಿ ಕೊಟ್ಟಿದ್ದಾರೆ, ಎವಿ1 ಮೇಲೆ ಕೇಸ್ ಹಾಕಿದವನಿಗೆ ಆ ಅನುಮತಿ ತಪ್ಪುತ್ತದೆ. ಸದಸ್ಯರಲ್ಲದವರಿಗೆ ಈ ಮಾತು ತಗಲಲ್ಲ. ಸಿಸ್ವೆಲ್ ಎಂಬ ಸಂಸ್ಥೆ 2019ರಲ್ಲೇ ಎವಿ1ಗೆ ಪೂಲ್ ಮಾಡುತ್ತೇವೆ ಎಂದು ಘೋಷಿಸಿ, ಪರದೆ ಇರುವ ಸಾಧನಕ್ಕೆ 32 ಯೂರೋ ಸೆಂಟ್ ಎಂದು ದರವನ್ನೂ ಹೇಳಿತು.

ಇದು ಮೊದಲ ಸಲವೇನಲ್ಲ. ಗೂಗಲ್ 2010ರಲ್ಲಿ ಆನ್2 ಕಂಪನಿ ಕೊಂಡು ಅದರ ವಿಡಿಯೋ ಫಾರ್ಮ್ಯಾಟ್ ವಿಪಿ8 ಅನ್ನು ಫ್ರೀ ಎಂದು ಬಿಟ್ಟಾಗಲೂ ಅನುಮಾನ ಎದ್ದಿತ್ತು. ಕೊನೆಗೆ 2013ರ ಮಾರ್ಚ್‌ನಲ್ಲಿ 11 ಪೇಟೆಂಟ್ ಮಾಲೀಕರ ಪರವಾಗಿ ಎಂಪೆಗ್ ಎಲ್‌ಎ ಗೂಗಲ್ ಜೊತೆ ಒಪ್ಪಂದ ಮಾಡಿಕೊಂಡಿತು, ಅದು ವಿಪಿ8 ಬಳಸುವ ಎಲ್ಲರಿಗೂ ಅನ್ವಯ. ಹಾಗಿದ್ದರೂ ಹೊಸ ಪ್ರಾಜೆಕ್ಟ್‌ಗೆ ನಾನು ಎವಿ1 ಮತ್ತು ಆಡಿಯೋಗೆ ಓಪಸ್ ಎಂದೇ ಹೇಳುತ್ತೇನೆ. ಅಪಾಯ ಸೊನ್ನೆ ಎಂದಲ್ಲ, ಎಣಿಸುವ ಗುಮಾಸ್ತ ಬಾಗಿಲಲ್ಲಿ ನಿಂತಿಲ್ಲ ಎಂದು.

ಬ್ರೌಸರ್ ವಿಡಿಯೋ ಕಾಲ್‌ಗೆ ವಿಪಿ8, ಎಚ್.264 ಎರಡೂ ಕಡ್ಡಾಯ ಮಾಡಿದ್ದು ಯಾಕೆ?

ಯಾರೂ ಬಗ್ಗಲಿಲ್ಲ, ಅದಕ್ಕೆ. ಒಂದನ್ನೇ ಆರಿಸಲು ಐಇಟಿಎಫ್‌ನಲ್ಲಿ ವರ್ಷಗಟ್ಟಲೆ ಜಗಳ ನಡೆಯಿತು. 2014ರ ನವೆಂಬರ್‌ನಲ್ಲಿ ಬ್ರೌಸರ್‌ಗಳು ಎರಡನ್ನೂ ಇಟ್ಟುಕೊಳ್ಳಲಿ ಎಂದು ರಾಜಿಯಾಯಿತು.

ರಾಯಲ್ಟಿ ಸೊನ್ನೆ ಅಂದರೆ ಸಾಕಲ್ವಾ? ಇನ್ನೇನು ನೋಡಬೇಕು?

ಸಾಕಾಗಲ್ಲ. 2004ರಲ್ಲಿ ನಕಲಿ ಮೇಲ್ ತಡೆಯಲು ಸೆಂಡರ್ ಐಡಿ ಎಂಬ ಸ್ಟ್ಯಾಂಡರ್ಡ್ ಐಇಟಿಎಫ್‌ನಲ್ಲಿ ತಯಾರಾಗುತ್ತಿತ್ತು. ಮೈಕ್ರೋಸಾಫ್ಟ್ ತನ್ನ ಪೇಟೆಂಟ್ ಅರ್ಜಿಗಳಿಗೆ ಒಂದು ರೂಪಾಯಿಯೂ ಕೇಳಲಿಲ್ಲ. ಆದರೂ ಅಪಾಚೆ ಫೌಂಡೇಶನ್ ಮತ್ತು ಡೆಬಿಯನ್ ಲಿನಕ್ಸ್‌ನವರು ನಮಗೆ ಬೇಡ ಎಂದರು. ಯಾಕೆ? ಲೈಸೆನ್ಸನ್ನು ಮುಂದೆ ಇನ್ನೊಬ್ಬರಿಗೆ ದಾಟಿಸುವ ಹಾಗಿರಲಿಲ್ಲ, ಕೋಡ್ ಹಂಚುವ ಪ್ರತಿಯೊಬ್ಬರೂ ಮೈಕ್ರೋಸಾಫ್ಟ್ ಜೊತೆ ಪತ್ರ ಮಾಡಿಕೊಳ್ಳಬೇಕಿತ್ತು. ಆ ಕಾರ್ಯಸಮಿತಿಯನ್ನೇ ಸೆಪ್ಟೆಂಬರ್‌ನಲ್ಲಿ ಮುಚ್ಚಿದರು.

ಹಾಗಾಗಿ ಪೇಟೆಂಟ್ ಪತ್ರ ಕೈಗೆ ಬಂದರೆ ನಾನು ದರ ನೋಡುವುದು ಕೊನೆಗೆ. ಮೊದಲು ನೋಡುವುದು: ನನ್ನಿಂದ ಪಡೆದವನಿಗೂ ಅನುಮತಿ ತಾನಾಗಿ ಸಿಗುತ್ತಾ, ಯಾರಾದರೂ ಸಹಿ ಹಾಕಬೇಕಾ, ಕೋಡ್ ತಿದ್ದಿ ಸ್ಟ್ಯಾಂಡರ್ಡ್‌ನಿಂದ ಸ್ವಲ್ಪ ಆಚೆ ಹೋದರೆ ಅನುಮತಿ ಉಳಿಯುತ್ತಾ. ಮೂರನೆಯದನ್ನು ಬಹಳಷ್ಟು ಪತ್ರಗಳು ಬರೀ ಸ್ಟ್ಯಾಂಡರ್ಡ್‌ಗೆ ಬೇಕಾದ ಭಾಗಕ್ಕೆ ಕಟ್ಟಿಹಾಕುತ್ತವೆ. ಅದೇ ಕೋಡನ್ನು ಬೇರೆ ಕೆಲಸಕ್ಕೆ ಹಚ್ಚಿದರೆ ನೀವು ಬಯಲಲ್ಲಿ.

ಪೇಟೆಂಟ್ ಬಿಟ್ಟು ಬೇರೆ ಅಡ್ಡಿಗಳೂ ಇವೆಯಾ?

ಇವೆ. ಸ್ಟ್ಯಾಂಡರ್ಡ್‌ನ ಬರಹವೇ ಗುಟ್ಟಾಗಿರಬಹುದು. ಕಂಪ್ಯೂಟರನ್ನು ಟಿವಿಗೆ ಜೋಡಿಸುವ ಎಚ್‌ಡಿಎಂಐ 2.1 ಅದಕ್ಕೆ ಉದಾಹರಣೆ. ಎಎಂಡಿ ಎಂಜಿನಿಯರುಗಳು ಲಿನಕ್ಸ್‌ನ ಓಪನ್ ಸೋರ್ಸ್ ಡ್ರೈವರ್‌ಗೆ ಅದನ್ನು ತಯಾರು ಮಾಡಿ, ಪ್ರಕಟಿಸಲು ಎಚ್‌ಡಿಎಂಐ ಫೋರಂ ಮುಂದೆ ಪ್ರಸ್ತಾಪ ಇಟ್ಟರು. ಫೋರಂ ಒಪ್ಪಲಿಲ್ಲ ಎಂದು 2024ರ ಫೆಬ್ರವರಿಯಲ್ಲಿ ತಿಳಿಯಿತು. ಕಾರ್ಡ್‌ನಲ್ಲಿ ಶಕ್ತಿ ಇತ್ತು, ತಂತಿ ಇತ್ತು, ಟಿವಿ ಇತ್ತು, ಕೋಡ್ ಮಾತ್ರ ಹೊರಗೆ ಬರೋ ಹಾಗಿರಲಿಲ್ಲ. ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಓ ಹೊರಡಿಸುವ ಸ್ಟ್ಯಾಂಡರ್ಡ್‌ಗಳದ್ದು ಇನ್ನೊಂದು ರೀತಿ. ಗುಟ್ಟಿಲ್ಲ, ಆದರೆ ಹೆಚ್ಚಿನವನ್ನು ಓದಬೇಕೆಂದರೆ ದುಡ್ಡು ಕೊಟ್ಟು ಪಿಡಿಎಫ್ ಕೊಳ್ಳಬೇಕು.

ಪೇಟೆಂಟ್ ಮುಗಿಯೋ ತನಕ ಕಾಯೋದೂ ಒಂದು ದಾರಿನಾ?

ದಾರಿಯೇ. ನಿಧಾನ ಅಷ್ಟೇ, ಅರ್ಜಿ ಹಾಕಿದ ದಿನದಿಂದ 20 ವರ್ಷ. ಕನ್ನಡ ಓದುವ ನಾವೂ ಗೊತ್ತಿಲ್ಲದೆ ಕಾದವರೇ. ಲಿನಕ್ಸ್ ಪರದೆ ಮೇಲೆ ಅಕ್ಷರ ಬಿಡಿಸುವ ಲೈಬ್ರರಿ ಫ್ರೀಟೈಪ್. ಟ್ರೂಟೈಪ್ ಫಾಂಟ್‌ನೊಳಗೆ ಸಣ್ಣ ಗಾತ್ರದಲ್ಲಿ ಗೆರೆಗಳು ಎಲ್ಲಿ ಕೂರಬೇಕು ಎಂದು ಹೇಳುವ ಪುಟ್ಟ ಪ್ರೋಗ್ರಾಂಗಳಿರುತ್ತವೆ. ಅವನ್ನು ಓಡಿಸುವ ವಿಧಾನದ ಮೇಲೆ ಆಪಲ್ ಪೇಟೆಂಟ್ ಇತ್ತು. ಫ್ರೀಟೈಪ್‌ನಲ್ಲಿ ಆ ಕೋಡ್ ಬರೆದಿಟ್ಟಿದ್ದರೂ ವರ್ಷಗಟ್ಟಲೆ ಸ್ವಿಚ್ ಆಫ್ ಮಾಡಿಯೇ ಕೊಡುತ್ತಿದ್ದರು. 2010ರ ಮೇ ತಿಂಗಳಲ್ಲಿ ಪೇಟೆಂಟ್ ಮುಗಿಯಿತು, ಜುಲೈನ 2.4 ಆವೃತ್ತಿಯಲ್ಲಿ ಸ್ವಿಚ್ ಆನ್ ಆಯಿತು. ಕನ್ನಡವಾಗಲಿ ಇಂಗ್ಲಿಷಾಗಲಿ, ಫಾಂಟ್ ಮಾಡಿದವರು ಕೂರಿಸಿದ್ದ ಸೂಚನೆಗಳಿಗೆ ಅಲ್ಲಿಂದ ಬೆಲೆ ಬಂತು.

ಕಾಯದೆ ಸಿಕ್ಕಿದ್ದೂ ಇದೆ. ಮೆಮೊರಿ ಕಾರ್ಡ್‌ನಲ್ಲಿ ಫೈಲ್ ಜೋಡಿಸಿಡುವ ಫ್ಯಾಟ್ ವಿಧಾನದ ಪೇಟೆಂಟ್‌ಗಳನ್ನೂ ಸೇರಿಸಿ ಮೈಕ್ರೋಸಾಫ್ಟ್ 2009ರಲ್ಲಿ ದಾರಿ ತೋರಿಸುವ ಸಾಧನ ಮಾಡುವ ಟಾಮ್‌ಟಾಮ್ ಮೇಲೆ ಕೇಸ್ ಹಾಕಿತ್ತು. ಅದೇ ಮೈಕ್ರೋಸಾಫ್ಟ್ 2018ರಲ್ಲಿ ಲಿನಕ್ಸ್ ಸುತ್ತ ಪೇಟೆಂಟ್ ಶಾಂತಿ ಕಾಯುವ ಓಪನ್ ಇನ್ವೆನ್ಷನ್ ನೆಟ್‌ವರ್ಕ್ ಸೇರಿತು, 2019ರ ಆಗಸ್ಟ್‌ನಲ್ಲಿ ಫ್ಯಾಟ್‌ನ ಹೊಸ ರೂಪ ಎಕ್ಸ್‌ಫ್ಯಾಟ್‌ನ ಸ್ಪೆಸಿಫಿಕೇಶನ್ ಬಿಚ್ಚಿಟ್ಟಿತು. ಅದೇ ವರ್ಷ ಲಿನಕ್ಸ್ 5.4ರಲ್ಲಿ ಎಕ್ಸ್‌ಫ್ಯಾಟ್ ಬಂತು. ಕ್ಯಾಮೆರಾದ ದೊಡ್ಡ ಎಸ್‌ಡಿ ಕಾರ್ಡ್ ಈಗ ಲಿನಕ್ಸ್‌ನಲ್ಲಿ ತಂಟೆ ಇಲ್ಲದೆ ತೆರೆಯುವುದು ಅದಕ್ಕೇ.

ಸರ್ಕಾರಿ ಪ್ರಾಜೆಕ್ಟ್‌ಗೆ ಸ್ಟ್ಯಾಂಡರ್ಡ್ ಆರಿಸುತ್ತಿದ್ದೇವೆ, ಹಿಡಿದುಕೊಳ್ಳಲು ಏನಾದರೂ ನಿಯಮ ಇದೆಯಾ?

ಇದೆ, ಬಹಳ ಜನ ಮರೆತಿದ್ದಾರೆ. ಕೇಂದ್ರ ಸರ್ಕಾರ 2010ರ ನವೆಂಬರ್‌ನಲ್ಲಿ ಇ-ಆಡಳಿತಕ್ಕೆ ಓಪನ್ ಸ್ಟ್ಯಾಂಡರ್ಡ್ ನೀತಿ ಹೊರಡಿಸಿತು. ಸ್ಟ್ಯಾಂಡರ್ಡ್‌ಗೆ ಬೇಕಾದ ಪೇಟೆಂಟ್‌ಗಳು ಆ ಸ್ಟ್ಯಾಂಡರ್ಡ್ ಇರುವಷ್ಟು ಕಾಲ ರಾಯಲ್ಟಿ ಇಲ್ಲದೆ ಸಿಗಬೇಕು ಎಂಬುದು ಅದರ ಕಡ್ಡಾಯ ಗುಣಗಳಲ್ಲಿ ಒಂದು. ಅಂಥದ್ದು ಸಿಗದಿದ್ದರೆ ಸಡಿಲಿಸಲು ಅವಕಾಶವೂ ಇದೆ, ಆದರೆ ಮೊದಲ ಆಯ್ಕೆ ಇದು. ಟೆಂಡರ್ ಬರೆಯುವಾಗ ಈ ಸಾಲನ್ನು ತೋರಿಸಿ, ಸಭೆಯಲ್ಲಿ ಮಾತು ಸುಲಭವಾಗುತ್ತದೆ. ವೆಬ್ ಸ್ಟ್ಯಾಂಡರ್ಡ್ ಬರೆಯುವ ಸಂಸ್ಥೆ ಡಬ್ಲ್ಯೂ3ಸಿ 2004ರಿಂದಲೇ ರಾಯಲ್ಟಿ ಇಲ್ಲದ ನೀತಿ ಇಟ್ಟುಕೊಂಡಿದೆ. ಅದೂ ಸುಮ್ನೆ ಬರಲಿಲ್ಲ, 2001ರಲ್ಲಿ ರಾಯಲ್ಟಿಗೆ ಜಾಗ ಬಿಡುವ ಕರಡು ಬಂದಾಗ ಡೆವಲಪರುಗಳು ದೊಡ್ಡ ಗದ್ದಲ ಎಬ್ಬಿಸಿದ್ದರು.

ಪೇಟೆಂಟ್‌ಗಳನ್ನು ಓದಲೇಬೇಡಿ ಅಂತ ನಮ್ಮ ಕಂಪನಿಯಲ್ಲಿ ಹೇಳ್ತಾರೆ. ಇದ್ಯಾವ ನ್ಯಾಯ?

ಅಮೆರಿಕದ ನ್ಯಾಯ. ಅಲ್ಲಿ ಗೊತ್ತಿದ್ದೂ ಬೇಕೆಂದೇ ಉಲ್ಲಂಘಿಸಿದರೆ ಪರಿಹಾರವನ್ನು ಮೂರು ಪಟ್ಟಿನವರೆಗೆ ಏರಿಸಬಹುದು. ಓದಿದ್ದೇ ಪುರಾವೆ ಆದೀತು ಎಂದು ವಕೀಲರ ಹೆದರಿಕೆ. ಜನರಿಗೆ ಕಲಿಸಲೆಂದು ಪ್ರಕಟಿಸುವ ದಾಖಲೆಯನ್ನು ಕಲಿಯಬೇಕಾದವರೇ ಓದಬಾರದು, ವಿಚಿತ್ರ ಅಲ್ವಾ? ಆದರೂ ಕಂಪನಿ ಹೇಳಿದ್ದನ್ನು ಕೇಳಿ. ಮುಖ್ಯವಾಗಿ ಕೋಡ್‌ನ ಕಾಮೆಂಟ್‌ನಲ್ಲೋ ಕಮಿಟ್ ಮೆಸೇಜ್‌ನಲ್ಲೋ "ಇದು ಇಂಥವರ ಪೇಟೆಂಟ್‌ಗೆ ತಗಲಬಹುದು" ಎಂದು ಬರೆದಿಡಬೇಡಿ. ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಯಾವುದನ್ನೂ ಮರೆಯಲ್ಲ.

ಪೇಟೆಂಟ್ ನೋಟಿಸ್ ಬಂದೇಬಿಟ್ಟಿದೆ. ಈಗೇನು?

ಮೊದಲು ಏನೂ ಮಾಡಬೇಡಿ. ಗಾಬರಿಯಲ್ಲಿ ರಿಪೋಸಿಟರಿ ಅಳಿಸಬೇಡಿ, ಇಶ್ಯೂ ಟ್ರ್ಯಾಕರ್‌ನಲ್ಲಿ ಪತ್ರ ಅಂಟಿಸಿ ಎಲ್ಲರ ಅಭಿಪ್ರಾಯ ಕೇಳಬೇಡಿ, ಕಳಿಸಿದವರಿಗೆ ಸಿಟ್ಟಿನ ಉತ್ತರ ಬರೆಯಬೇಡಿ. ಪೇಟೆಂಟ್ ಗೊತ್ತಿರುವ ವಕೀಲರ ಹತ್ತಿರ ಹೋಗಿ. ಅವರ ಮುಂದೆ ಇಡಲು ಮೂರು ವಿಷಯ ಸಿದ್ಧವಿರಲಿ: ಆ ಪೇಟೆಂಟ್ ಯಾವ ದೇಶದ್ದು ಮತ್ತು ಇನ್ನೂ ಜೀವಂತವಾಗಿದೆಯಾ, ನೀವು ನಿಜವಾಗಿ ಆ ದೇಶದಲ್ಲಿ ಏನು ಹಂಚುತ್ತಿದ್ದೀರಿ, ಮತ್ತು ಆ ತಂತ್ರ ಅರ್ಜಿಯ ದಿನಕ್ಕಿಂತ ಮೊದಲೇ ಎಲ್ಲಾದರೂ ಪ್ರಕಟವಾಗಿತ್ತಾ. ಮೂರನೆಯದಕ್ಕೆ ಹಳೆಯ ಮೇಲಿಂಗ್ ಲಿಸ್ಟ್, ಹಳೆಯ ಡ್ರಾಫ್ಟ್, ಹಳೆಯ ಟಾರ್ ಫೈಲ್ ಎಲ್ಲ ಚಿನ್ನ, ದಿನಾಂಕ ಇದ್ದರೆ ಸಾಕು.

ಹೋರಾಡಿದವರು ಸೋತೇ ಸೋಲುತ್ತಾರೆ ಎಂದೇನಿಲ್ಲ. ಜೆಪೆಗ್ ಮೇಲೆ ಹಕ್ಕಿದೆ ಎಂದು ಫೋರ್ಜೆಂಟ್ ಎಂಬ ಕಂಪನಿ 2002ರಿಂದ ದೊಡ್ಡ ದೊಡ್ಡ ಕಂಪನಿಗಳಿಂದ 10 ಕೋಟಿ ಡಾಲರ್‌ಗಿಂತ ಹೆಚ್ಚು ಎತ್ತಿತು. ಯಾರೋ ಪಟ್ಟು ಹಿಡಿದು ಮರುಪರಿಶೀಲನೆ ಕೇಳಿದ ಮೇಲೆ 2006ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಅದರ ಮುಖ್ಯ ಹಕ್ಕುಗಳನ್ನು ತಿರಸ್ಕರಿಸಿತು. 2019ರಲ್ಲಿ ಫೋಟೋ ಜೋಡಿಸುವ ಶಾಟ್‌ವೆಲ್ ಎಂಬ ಪುಟ್ಟ ಸಾಫ್ಟ್‌ವೇರ್ ಹೆಸರಲ್ಲಿ ರಾಥ್ಸ್‌ಚೈಲ್ಡ್ ಪೇಟೆಂಟ್ ಇಮೇಜಿಂಗ್ ಎಂಬ ಸಂಸ್ಥೆ, ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್ ಫೌಂಡೇಶನ್ ಮೇಲೆ ಕೇಸ್ ಹಾಕಿತು. ಗ್ನೋಮ್ ದುಡ್ಡು ಕೊಟ್ಟು ತೆಪ್ಪಗಾಗಲಿಲ್ಲ, ಜನರಿಂದ ಹಣ ಸೇರಿಸಿ ನಿಂತಿತು. 2020ರ ಮೇ ತಿಂಗಳಲ್ಲಿ ಆದ ರಾಜಿಯಲ್ಲಿ, ಆ ಸಂಸ್ಥೆ ತನ್ನ ಪೇಟೆಂಟ್‌ಗಳ ವಿಷಯದಲ್ಲಿ ಗ್ನೋಮ್ ಒಂದರ ಮೇಲಷ್ಟೇ ಅಲ್ಲ, ಓಪನ್ ಸೋರ್ಸ್ ಲೈಸೆನ್ಸ್‌ಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಓಎಸ್‌ಐ ಒಪ್ಪಿದ ಲೈಸೆನ್ಸ್ ಇರುವ ಯಾವ ಸಾಫ್ಟ್‌ವೇರ್ ಮೇಲೂ ಕೇಸ್ ಹಾಕಲ್ಲ ಎಂದು ಒಪ್ಪಬೇಕಾಯಿತು.